ಸುತ್ತಿಗೆಗಿಂತ ಮೊದಲು ಏಳುವ ಕಿವಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರು ರಿಪೇರಿ ಶೆಡ್ಡಿನ ಬಾಗಿಲಲ್ಲಿ ಕೂತ ಆಕೆ ಮೊಳದುದ್ದದ ರಬ್ಬರ್ ಕೊಳವೆಯೊಂದನ್ನು ಹಳೇ ಬನಿಯನ್ ಚೂರಿನಿಂದ ಒರೆಸುತ್ತಿದ್ದಾರೆ. ಒಂದು ತುದಿಯಿಂದ ಊದಿ, ಇನ್ನೊಂದು ತುದಿಗೆ ಅಂಗೈ ಒಡ್ಡಿ ನೋಡುತ್ತಾರೆ. ಆಮೇಲೆ ಎದ್ದು ಕೊಳವೆಯನ್ನು ಕಿವಿಗಿಟ್ಟುಕೊಂಡು, ಎದುರಿನ ಕಾರಿನ ಓಡುತ್ತಿರುವ ಇಂಜಿನ್ನಿನ ಮೇಲೆ ಅದರ ಇನ್ನೊಂದು ತುದಿಯನ್ನು ಮೆಲ್ಲಗೆ ಆಡಿಸುತ್ತಾರೆ, ಡಾಕ್ಟರು ಎದೆ ನೋಡುವ ಹಾಗೆ.

ಬೀದಿಯವರಿಗೆಲ್ಲ ಇವರು ಉಸ್ಸಕ್ಕ. ಇಂಜಿನ್ನಿಗೆ ಜೋಡಿಸಿದ ರಬ್ಬರ್ ಹೋಸುಗಳಲ್ಲಿ ಎಲ್ಲಾದರೂ ಬಿರುಕು ಬಿಟ್ಟರೆ ಬೇಡದ ಗಾಳಿ ಒಳನುಗ್ಗಿ, ಗಾಡಿ ನಿಂತಲ್ಲೇ ನಡುಗಿ ಆರಿಹೋಗುತ್ತದೆ. ಬಿರುಕು ಕಣ್ಣಿಗೆ ಬೀಳುವುದು ಅಪರೂಪ. ಅದರ ‘ಉಸ್ಸ್’ ಕೇಳಿಸಬೇಕು. ಅದಕ್ಕೇ ಇವರ ಕೆಲಸ ಮುಂಜಾನೆ. ಪಕ್ಕದ ಶೆಡ್ಡಿನಲ್ಲಿ ಗಂಡ ನಗ್ಗಿದ ಕಾರಿನ ಬಾಗಿಲುಗಳನ್ನು ಬಡಿದು ನೇರ ಮಾಡುತ್ತಾರೆ. ಸುತ್ತಿಗೆ ಶುರುವಾದರೆ ಮುಗಿಯಿತು.

“ಮೊದಲು ನಾನು ಅವರಿಗೆ ತಗಡು ಹಿಡ್ಕೊಳ್ತಿದ್ದೆ. ಇಲ್ಲಿ ಇಂಜಿನ್ ನೋಡ್ತಿದ್ದ ಮೇಸ್ತ್ರಿಗೆ ಸಿಗದ ಸದ್ದು ನನಗೆ ಕೇಳ್ತಿತ್ತು. ಹಾಗೇ ಈ ಕಡೆ ಬಂದೆ. ಬಡಿದೂ ಬಡಿದೂ ಅವರ ಕಿವಿ ಹೋಯ್ತು. ಈಗ ನಾನು ಬೈದಿದ್ದು ಅವರಿಗೆ ತಲುಪೋ ಹೊತ್ತಿಗೆ ನನ್ನ ಸಿಟ್ಟೇ ಇಳಿದಿರುತ್ತೆ.”

ನನ್ನತ್ತ ನೋಡಿ ನಗುತ್ತಾರೆ, ಆದರೆ ಇವತ್ತು ಆ ನಗುವಿಗೆ ಜೀವವಿಲ್ಲ. ಎದುರಿಗಿರುವುದು ಡ್ರೈವಿಂಗ್ ಹೇಳಿಕೊಡುವ ಮೇಷ್ಟ್ರ ಕಾರು. ನಿನ್ನೆ ಸುತ್ತಿಗೆ ಶುರುವಾಗುವವರೆಗೂ ಹುಡುಕಿದರೂ ಅದರ ಸದ್ದು ಸಿಕ್ಕಿಲ್ಲ. “ನನ್ನ ಕಿವಿನೂ ಅವರ ದಾರಿ ಹಿಡೀತೇನೋ ಅಂತ ನಿದ್ದೆನೇ ಬರಲಿಲ್ಲ. ಕಿವಿ ಹೋದ್ರೆ ಇನ್ನೇನು, ಕೊಳವೆ ಹಿಡ್ಕೊಂಡ ಬೊಂಬೆ ನಾನು.”

ಪಕ್ಕದಲ್ಲೇ ನಿಂತ ಮೇಷ್ಟ್ರಿಗೆ ಅವರದೇ ಗೋಳು. “ಸಿಗ್ನಲ್ ಬಂದ್ರೆ ಸಾಕು, ಆಫ್. ಕಲಿಯೋಕೆ ಬಂದ ಅಜ್ಜಿ ತನ್ನದೇ ತಪ್ಪು ಅಂತ ಅತ್ತೇಬಿಟ್ರು. ಆದ್ರೆ ಅಕ್ಕಾ, ನೀವು ಬಗ್ಗಿದ ತಕ್ಷಣ ಈ ಗಾಡಿ ಸಾಧು ಆಗುತ್ತೆ ನೋಡಿ. ನಿಮ್ಮನ್ನ ಕಂಡ್ರೆ ಭಯ ಇದಕ್ಕೆ!”

ಉಸ್ಸಕ್ಕ ನಗುವುದಿಲ್ಲ. ತಮ್ಮ ಎಡಗೈಯನ್ನೇ ನೋಡುತ್ತಾರೆ. ಬಗ್ಗುವಾಗ ಕೊಳವೆಗೆ ಜಾಗ ಮಾಡಲು, ಬ್ರೇಕಿನ ಕಡೆ ಹೋಗುವ ದಪ್ಪ ಹೋಸನ್ನು ಬದಿಗೆ ಒತ್ತಿ ಹಿಡಿಯುವುದು ಅವರ ಹಳೇ ಅಭ್ಯಾಸ. ಈಗಲೂ ಅದರ ಮೇಲಿದ್ದ ಹೆಬ್ಬೆರಳನ್ನು ಎತ್ತುತ್ತಾರೆ. ಇಂಜಿನ್ ನಡುಗುತ್ತದೆ. ಬೆರಳಿದ್ದ ಜಾಗಕ್ಕೇ ಕೊಳವೆ ತಂದು ಆಲಿಸುತ್ತಾರೆ. ಮುಖ ಅರಳುತ್ತದೆ. ನನ್ನ ಕಿವಿಗೂ ಇಡುತ್ತಾರೆ: ಹಲ್ಲುಸಂದಿಯಲ್ಲಿ ಗಾಳಿ ಎಳೆದುಕೊಂಡಂಥ ಸದ್ದು.

“ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಕಳ್ಳನ ಬಾಯಿ ನಾನೇ ಮುಚ್ಚಿ ಹಿಡ್ಕೊಂಡು, ಕಳ್ಳ ಯಾಕೆ ಕೂಗ್ತಿಲ್ಲ ಅಂತಿದ್ದೆ. ಕಿವಿ ನೆಟ್ಟಗಿದೆ ಕಣ್ರೀ, ಬೆರಳೇ ದ್ರೋಹಿ!”

ಇಂಜಿನ್ ಆರಿಸಿ ಹೋಸು ಬಿಚ್ಚಿ ಬಗ್ಗಿಸಿದರೆ, ಉಗುರಿನ ಗೀರಿನಷ್ಟು ಬಿರುಕು. “ಸದ್ಯಕ್ಕೆ ಟೇಪ್ ಸುತ್ತಿದ್ರೆ?” ಎನ್ನುತ್ತಾರೆ ಮೇಷ್ಟ್ರು. “ಬ್ರೇಕಿನ ಹೋಸಿಗೆ ತೇಪೆ ಹಾಕ್ತಾರಾ? ಅಜ್ಜಿ ಕೂರೋ ಗಾಡಿ ಅದು.” ಹೊಸ ಹೋಸು ತೊಡಿಸಿ ಕ್ಲಿಪ್ ಬಿಗಿಯುತ್ತಾರೆ. ಮೇಷ್ಟ್ರು ಬೀದಿಯ ಕೊನೆವರೆಗೂ ಹೋಗಿ, ಬೇಕೆಂದೇ ಅಲ್ಲಲ್ಲಿ ನಿಲ್ಲಿಸಿ ಬರುತ್ತಾರೆ. ಗಾಡಿ ಒಮ್ಮೆಯೂ ಆರಲಿಲ್ಲ.

ಏನಾದರೂ ಆಸೆಯಿದೆಯೇ ಎಂದರೆ ಉಸ್ಸಕ್ಕ ಕೈ ಒರೆಸಿಕೊಳ್ಳುತ್ತಾರೆ. “ಬೆಳಿಗ್ಗೆ ಇನ್ನೊಂದರ್ಧ ಗಂಟೆ ಹೀಗೇ ಸುಮ್ಮನೆ ಇರಬೇಕು. ಅಷ್ಟೇ.”

ಇನ್ನೊಂದು ಕಾರು ಬಂದು ನಿಲ್ಲುತ್ತದೆ. ಪಕ್ಕದ ಶೆಡ್ಡಿನ ಷಟರ್ ಗರಗರ ಮೇಲೇಳುತ್ತದೆ. ಉಸ್ಸಕ್ಕ ಕೊಳವೆಯನ್ನು ಕಿವಿಗಿಟ್ಟುಕೊಂಡು ಗೋಡೆಯತ್ತ ತಿರುಗುತ್ತಾರೆ.

“ರೀ, ಇದೊಂದು ಕೇಳಿಬಿಡ್ತೀನಿ. ಸುತ್ತಿಗೆ ಸ್ವಲ್ಪ ತಡೀತೀರಾ?”

ಗೋಡೆಯಾಚೆ ಮೊದಲ ಪೆಟ್ಟು ಬೀಳುತ್ತದೆ.