ಗಂಗಾಂಬಿಕಾ ಕಲಿಸದೆ ಬಿಟ್ಟದ್ದು

ಹರಪನಹಳ್ಳಿಯಲ್ಲಿ ನಾನು ಗಣಿತ ಹೇಳುತ್ತಿದ್ದ ಹೆಣ್ಣುಮಕ್ಕಳ ಪ್ರೌಢಶಾಲೆ ಈಗ ಇಲ್ಲ. 1993ರಲ್ಲಿ ಅಲ್ಲಿಗೆ ಆಟ ಕಲಿಸುವ ಶಿಕ್ಷಕಿಯಾಗಿ ಗಂಗಾಂಬಿಕಾ ಬಂದಳು. ಕೊಟ್ಟೂರಿನ ಬಟ್ಟೆ ವ್ಯಾಪಾರಿ ಜಂಬಣ್ಣನವರ ಮಗಳು. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು, ಅದಕ್ಕೇ ಈ ಏಕವಚನ. ಅಲ್ಲಿಯವರೆಗೆ ನಮ್ಮಲ್ಲಿ ಆಟವೆಂದರೆ ಖೋಖೋ, ಥ್ರೋಬಾಲ್, ಆಗಸ್ಟ್ ಹದಿನೈದರ ಕವಾಯತು. ಆಕೆ ಬಂದ ವರ್ಷವೇ ಪ್ರಾರ್ಥನೆಯ ಹಾಲಿನಲ್ಲಿ ಜಮಖಾನ ಹಾಸಿ, ಹನ್ನೆರಡು ಹುಡುಗಿಯರನ್ನು ಆರಿಸಿ ಜಿಮ್ನಾಸ್ಟಿಕ್ಸ್ ಶುರುಮಾಡಿದಳು.

ಓದುವಾಗ ಆಕೆ ನೆಲದ ಮೇಲಿನ ವ್ಯಾಯಾಮದಲ್ಲಿ ರಾಜ್ಯಕ್ಕೆ ಮೂರನೆಯವಳಾಗಿದ್ದಳು. ಆಗ ಯಾರೋ ಆಕೆಯ ಕೈಗಳ ಬಾಗನ್ನು ಹೊಗಳಿದ್ದರಂತೆ. ಆ ಹೊಗಳಿಕೆಯ ಮೇಲೆಯೇ ಆಕೆಯ ಇಡೀ ವಿದ್ಯೆ ನಿಂತಿತ್ತು. ಕತ್ತು ಎತ್ತಬೇಕು, ಹೆಜ್ಜೆ ಸಪ್ಪಳವಾಗಬಾರದು, ಬೆರಳ ತುದಿಯವರೆಗೂ ಜೀವ ಇರಬೇಕು. "ಗಂಡು ಹುಡುಗ್ರು ಜಿಗೀತಾರ, ನಾವು ತೇಲಬೇಕು. ನೋಡಿದವ್ರಿಗೆ ಕಷ್ಟ ಕಾಣಬಾರ್ದು," ಅನ್ನುತ್ತಿದ್ದಳು. ಹುಡುಗಿಯರ ಕೈ ಸ್ವಲ್ಪ ಸಡಿಲಾದರೂ ಸಾಕು, "ಬೆರಳು!" ಎಂದು ಕೂಗುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಪಾಠ ಹೇಳುತ್ತಿದ್ದ ನನಗೂ ಕೇಳುತ್ತಿತ್ತು.

ಪುಷ್ಪಲತಾ 1995ರಲ್ಲಿ ಎಂಟನೇ ಇಯತ್ತೆಗೆ ಸೇರಿದಳು. ತೆಲಿಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಅಪ್ಪ ಯರ್ರೆಪ್ಪ, ಅವ್ವ ಸುಂಕಮ್ಮ, ಕುರಿ ಸಾಕಿ ಬದುಕುವವರು. ಮರಿಗಳನ್ನು ಹೆಗಲ ಮೇಲೆ ಹೊತ್ತು ಬೆಳೆದವಳಿಗೆ ಅಗಲ ಭುಜ, ಗಟ್ಟಿ ತೊಡೆ. ಸೇರಿದ ವಾರದಲ್ಲೇ ಹಾಲಿನ ಬೆಂಚನ್ನು ಸುತ್ತಿ ಬರುವ ಬದಲು ನಿಂತಲ್ಲಿಂದಲೇ ಹಾರಿ ದಾಟಿದಳು. ಗಂಗಾಂಬಿಕಾ ಅದನ್ನು ನೋಡಿ ಅವಳನ್ನು ಆರಿಸಿಕೊಂಡಳು. ಆದರೆ ಆರಿಸಿಕೊಂಡ ಮೇಲೆ ಆ ಹಾರಾಟವನ್ನೇ ಬಿಡಿಸಲು ಕೂತಳು.

"ಕುರಿಹಟ್ಟಿ ಬೇಲಿ ಜಿಗಿದಂಗ ಜಿಗೀಬ್ಯಾಡ ಪುಷ್ಪಾ. ಸಾವಕಾಶ. ಕೈ ನೋಡ್ಕೋ."

ಹುಡುಗಿ ತಕರಾರಿಲ್ಲದೆ ಕಲಿತಳು. ಎರಡು ವರ್ಷ ಕಳೆಯುವಷ್ಟರಲ್ಲಿ ಆ ದಪ್ಪ ಮೈ ಎಷ್ಟು ಹಗುರವಾಗಿ ಬಾಗುತ್ತಿತ್ತೆಂದರೆ, ನಾನು ಉತ್ತರಪತ್ರಿಕೆ ಬಿಟ್ಟು ಬಾಗಿಲಲ್ಲಿ ನಿಂತು ನೋಡಿದ್ದುಂಟು. ಬಳ್ಳಾರಿಯಲ್ಲಿ ನಡೆದ ಜಿಲ್ಲಾ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂತು. ಆದರೂ ಒಬ್ಬಳೇ ಇದ್ದಾಗ ಆ ಹುಡುಗಿ ಹಾಲಿನ ಆ ತುದಿಯಿಂದ ಈ ತುದಿಗೆ ಓಡಿ ಬಂದು ಸುಮ್ಮನೆ ಮೇಲಕ್ಕೆ ಹಾರುತ್ತಿದ್ದಳು. ಹಾರಿ ಇಳಿದಾಗ ಮಾತ್ರ ಅವಳ ಮುಖದಲ್ಲಿ ನಗು ಇರುತ್ತಿತ್ತು.

1997ರಲ್ಲಿ ನಮ್ಮ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಹೋಯಿತು. ಆ ನವೆಂಬರಿನ ಸ್ಪರ್ಧೆಗೆ ಹುಡುಗಿಯರ ಜೊತೆ ನಾನೂ ಹೋಗಿದ್ದೆ. ಪೇಟೆಯ ಹುಡುಗಿಯರು ದಪ್ಪ ಸ್ಪಂಜಿನ ಹಾಸಿಗೆಯ ಮೇಲೆ ಕಲಿತವರು. ಓಡಿ ಬಂದು, ಕೈ ಊರಿ ಮಗುಚಿ, ಗಾಳಿಯಲ್ಲಿ ಮುದುಡಿ ಹಿಂದಕ್ಕೆ ಲಾಗ ಹಾಕಿ ಧೊಪ್ಪನೆ ಇಳಿದು ನಿಲ್ಲುತ್ತಿದ್ದರು. ಅವರ ಕೈ ಎಲ್ಲೋ, ಕತ್ತು ಎಲ್ಲೋ. ಆದರೂ ಮೊದಲ ಮೂರು ಸ್ಥಾನ ಅವರಿಗೇ. ಪುಷ್ಪಲತಾ ನಾಲ್ಕನೆಯವಳು.

ಗಂಗಾಂಬಿಕಾ ತೀರ್ಪುಗಾರರ ಹತ್ತಿರ ಹೋಗಿ ಕೇಳಿದಳು. ವಯಸ್ಸಾದ ಒಬ್ಬರು ಸಮಾಧಾನದಿಂದಲೇ ಹೇಳಿದರು: "ಚೆಂದ ಮಾಡಿದ್ಲು ಮೇಡಂ, ಇಲ್ಲ ಅನ್ನಲ್ಲ. ಆದ್ರೆ ಈಗ ಮಾರ್ಕ್ಸ್ ಇರೋದು ಲಾಗಕ್ಕೆ. ಆ ಹುಡುಗಿ ಕಾಲು ನೋಡಿದ್ರಾ? ಅಂಥ ಕಾಲಿಗೆ ನೀವು ಕೆಲ್ಸಾನೇ ಕೊಟ್ಟಿಲ್ವಲ್ಲ."

ವಾಪಸು ಬರುವ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಪುಷ್ಪಲತಾ ಮುಂದಕ್ಕೆ ಬಾಗಿ, "ಮೇಡಂ, ನನಗೂ ಆ ಲಾಗ ಬರ್ತೈತ್ರಿ. ಕಲಿಸ್ರಿ," ಅಂದಳು.

ವಾರದ ನಂತರ ಕಾಗದ ಬಂತು. ಗೆದ್ದ ಮೂವರಲ್ಲಿ ಒಬ್ಬಳಿಗೆ ಕಾಮಾಲೆ. ಮುಂದಿನ ಹಂತಕ್ಕೆ ಪುಷ್ಪಲತಾಳನ್ನು ಕಳಿಸಿ ಎಂದಿತ್ತು. ಇದ್ದದ್ದು ಹದಿನೆಂಟು ದಿನ. ಗಂಗಾಂಬಿಕಾ ಗೋಣಿಚೀಲಗಳಿಗೆ ಶೇಂಗಾ ಹೊಟ್ಟು ತುಂಬಿಸಿ, ಮೇಲೆ ಎರಡು ಹತ್ತಿ ಗಾದಿ ಹಾಸಿದಳು. ಆ ಲಾಗವನ್ನು ಆಕೆ ತಾನು ಎಂದೂ ಹಾಕಿದವಳಲ್ಲ, ಯಾರಿಗೂ ಕಲಿಸಿದವಳೂ ಅಲ್ಲ. ಬೀಳುವವರನ್ನು ಎಲ್ಲಿ ಹಿಡಿಯಬೇಕೆಂಬುದನ್ನು ಒಂದು ಪುಸ್ತಕದ ಚಿತ್ರ ನೋಡಿ ತಿಳಿದುಕೊಂಡಳು. ನಾನು ಒಮ್ಮೆ ಕೇಳಿದೆ, "ಇಷ್ಟ್ ಅವಸರ ಯಾಕ ಗಂಗಾ?" ಆಕೆ ಬಗ್ಗಿ ಗಾದಿಯ ಅಂಚು ಸರಿಮಾಡಿದಳು. ಹುಡುಗಿ ಮಾತ್ರ ಆ ದಿನಗಳಲ್ಲಿ ಹಬ್ಬ ಬಂದಂತೆ ಇದ್ದಳು.

ಹದಿನೈದನೆಯ ದಿನ, ಶಾಲೆ ಬಿಟ್ಟ ಮೇಲೆ ಹಾಲಿನಲ್ಲಿ ಅವರಿಬ್ಬರೇ. ನಾನು ಪಕ್ಕದ ಕೋಣೆಯಲ್ಲಿ ಪತ್ರಿಕೆ ತಿದ್ದುತ್ತಿದ್ದೆ. ಓಡಿ ಬರುವ ಸಪ್ಪಳ ಕೇಳಿತು. ಹಿಂದೆಯೇ ಗಂಗಾಂಬಿಕಾಳ ಕೂಗು: "ಬೆರಳು!"

ರೂಢಿಯ ಕೂಗು. ಹುಡುಗಿಯ ಮೈಗೂ ರೂಢಿಯೇ. ಗಾಳಿಯಲ್ಲಿ ಮೊಣಕಾಲು ತಬ್ಬಿಕೊಂಡು ಮುದುಡಿದ್ದವಳು ಆ ಕೂಗಿಗೆ ಕೈ ಬಿಡಿಸಿ ನೀಡಿಬಿಟ್ಟಳಂತೆ. ಮೈ ಬಿಚ್ಚಿಕೊಂಡಿತು, ಲಾಗ ಅರ್ಧಕ್ಕೆ ನಿಂತಿತು. ಗಾದಿಯ ಅಂಚಿಗೆ, ಕತ್ತಿನ ಮೇಲೆ ಬಿದ್ದಳು. ನಾನು ಓಡಿ ಹೋದಾಗ ಅವಳಿಗೆ ಎಚ್ಚರವಿತ್ತು. "ಕಾಲು ಎಲ್ಲಿ ಅದಾವ್ರಿ ಮೇಡಂ?" ಎಂದು ಕೇಳುತ್ತಿದ್ದಳು.

ಮೊದಲು ದಾವಣಗೆರೆ, ಆಮೇಲೆ ಹುಬ್ಬಳ್ಳಿ. ಬೆನ್ನುಹುರಿ ತುಂಡಾಗಿದೆ ಅಂದರು. ಮುಖ್ಯೋಪಾಧ್ಯಾಯ ಕೊಟ್ರಬಸಪ್ಪನವರು ನಮ್ಮಿಬ್ಬರನ್ನೂ ಕರೆದು ಬಾಗಿಲು ಹಾಕಿದರು. "ಶಾಲಿ ಬಿಟ್ಟ ಮ್ಯಾಲ ಹುಡುಗಿ ತಾನ ಆಡಾಕ ಹೋಗಿ ಬಿದ್ದಾಳ. ಹಂಗಂತ ಬರಕೊಡ್ರಿ. ಇಲ್ಲಾಂದ್ರ ಶಾಲಿ ಮುಚ್ಚತೈತಿ, ಎಲ್ಲಾರ ಅನ್ನ ಹೋಗತೈತಿ." ಗಂಗಾಂಬಿಕಾ ಬರೆದು ಸಹಿ ಹಾಕಿದಳು. ಸಾಕ್ಷಿಯಾಗಿ ನಾನೂ ಹಾಕಿದೆ.

ಫೆಬ್ರುವರಿಯಲ್ಲಿ ಹುಡುಗಿಯನ್ನು ತೆಲಿಗಿಗೆ ಕರೆತಂದರು. ನಾವಿಬ್ಬರೂ ನೋಡಲು ಹೋದೆವು. ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿಸಿದ್ದರು. ಸುಂಕಮ್ಮ ಚಾಪೆ ಹಾಸಿ ನೀರು ಕೊಟ್ಟು, ಗಂಗಾಂಬಿಕಾಳ ಕೈ ಹಿಡಿದುಕೊಂಡಳು. "ನೀವು ಇಲ್ಲದಾಗ ಆಡಾಕ ಹೋಗ್ಯಾಳಂತಲ್ರಿ ಅಕ್ಕಾರ. ಮೊದ್ಲಿಂದ ಹಂಗ ಈಕಿ, ಹೇಳಿದ್ ಮಾತು ಕೇಳಂಗಿಲ್ಲ. ನಿಮಗ ಕೆಟ್ಟ ಹೆಸ್ರು ತಂದ್ಲು."

ಹುಡುಗಿ ಸೂರು ನೋಡುತ್ತ ಮಲಗಿದ್ದಳು. ಇಲ್ಲ ಅನ್ನಲಿಲ್ಲ.

ಗಂಗಾಂಬಿಕಾ ಚಾಪೆಯಿಂದ ಎದ್ದು ನಿಂತಳು. "ನಾನು ಅಲ್ಲೇ ಇದ್ದೆ ಸುಂಕಮ್ಮ. ನಾನ ಹಾರು ಅಂದಿದ್ದೆ. ನಾನು ಕೂಗಿದ್ದಕ್ಕ ಬಿದ್ದಾಳ. ಸುಳ್ಳು ಬರಕೊಟ್ಟೀನಿ."

ಸುಂಕಮ್ಮ ಹಿಡಿದಿದ್ದ ಕೈ ಬಿಟ್ಟಳು. ಯರ್ರೆಪ್ಪ ಹೊಸ್ತಿಲಲ್ಲಿ ಕೂತಿದ್ದವನು ಎದ್ದು ಹೊರಗೆ ಹೋದ. ಆಗ ಹುಡುಗಿ ಮಾತಾಡಿದಳು, ಸಿಟ್ಟಿಲ್ಲದ, ದಣಿದ ದನಿಯಲ್ಲಿ.

"ಬೆರಳು ತಿದ್ದಾಕ ಎರಡೂವರಿ ವರ್ಷ ತಗೊಂಡ್ರಿ ಮೇಡಂ. ಹಾರೂದು ಹದಿನೈದು ದಿನದಾಗ ಕಲಿಸಿದ್ರಿ. ನನಗ ಬರ್ತಿದ್ದಿದ್ದು ಅದೊಂದ. ಅದನ್ನ ಮೊದ್ಲಿಂದ ಕಲಿಸಿದ್ರ ನಾ ಬೀಳ್ತಿರ್ಲಿಲ್ಲ."

ಮರುದಿನವೇ ಗಂಗಾಂಬಿಕಾ ನಡೆದದ್ದನ್ನೆಲ್ಲ ಬರೆದು ಇನ್ನೊಂದು ಕಾಗದ ಕೊಟ್ಟಳು. ಆಡಳಿತ ಮಂಡಳಿ ಏಪ್ರಿಲ್‌ನಲ್ಲಿ ಆಕೆಯನ್ನು ತೆಗೆದುಹಾಕಿತು. ನಾನು ನನ್ನ ಸಹಿಯನ್ನು ಹಿಂದಕ್ಕೆ ಪಡೆಯಲಿಲ್ಲ. ನನ್ನ ಕೆಲಸ ಉಳಿಯಿತು.

ಆಕೆ ಕೊಟ್ಟೂರಿಗೆ ಹೋಗಿ ಅಪ್ಪನ ಅಂಗಡಿಯಲ್ಲಿ ಕೂತಳು. ಮದುವೆಯ ಮಾತುಗಳು ಬಂದು ಹೋದವು. ಪ್ರತಿ ಸೋಮವಾರ ಎರಡು ಬಸ್ಸು ಬದಲಿಸಿ ತೆಲಿಗಿಗೆ ಬರುತ್ತಿದ್ದಳು. ಮೊದಮೊದಲು ಸುಂಕಮ್ಮ ಒಳಗೆ ಬಿಡಲಿಲ್ಲ. ಗಂಗಾಂಬಿಕಾ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಹಿಂದಿರುಗುತ್ತಿದ್ದಳು. ಸುಂಕಮ್ಮ ಒಬ್ಬಳಿಗೇ ಮಗಳ ಮಗ್ಗುಲು ಬದಲಿಸಲು ಆಗದೆ ಹೋದ ದಿನ, ಬಾಗಿಲಿಗೆ ಬಂದು, "ಬರ್ರಿ, ಒಂದ್ ಕೈ ಹಿಡೀರಿ," ಅಂದಳು. ಆಮೇಲೆ ಗಂಗಾಂಬಿಕಾ ಹುಡುಗಿಗೆ ಮಲಗಿ ಮಲಗಿ ಆದ ಬೆನ್ನಿನ ಹುಣ್ಣು ತೊಳೆದಳು, ತಲೆ ಬಾಚಿದಳು, ಪೇಪರು ಓದಿ ಹೇಳಿದಳು. ಒಂದು ವರ್ಷ ಪುಷ್ಪಲತಾ ಆಕೆಯೊಡನೆ ಮಾತಾಡಲಿಲ್ಲ. ಮಾತಾಡಲು ತೊಡಗಿದ ಮೇಲೂ ಬರೀ ಕುರಿಮರಿಗಳ ಮಾತು, ಹಂಗಾಮಿನ ಮಾತು.

2001ರ ಬೇಸಿಗೆಯಲ್ಲಿ ಹುಣ್ಣಿನ ನಂಜು ಮೈಗೇರಿ ಹುಡುಗಿ ಸತ್ತಳು. ಹತ್ತೊಂಬತ್ತು ತುಂಬಿತ್ತು.

ಮಣ್ಣು ಮಾಡಿ ಬಂದ ಮುಂದಿನ ಸೋಮವಾರವೂ ಗಂಗಾಂಬಿಕಾ ಹೋದಳು. ಸುಂಕಮ್ಮ ಕಟ್ಟೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಚಹಾ ಕೊಟ್ಟಳಂತೆ. ಲೋಟ ಖಾಲಿಯಾದ ಮೇಲೆ ಹೇಳಿದಳಂತೆ: "ಇನ್ನ ಬರಬ್ಯಾಡ್ರಿ ಅಕ್ಕಾರ. ಸಿಟ್ಟಿಲ್ಲ. ನೀವು ಬಂದ್ರ ಆಕಿ ಒಳಗ ಮಲಗ್ಯಾಳ ಅಂತ ಎದ್ದು ಹೋಗಿ ನೋಡ್ತೀನಿ."

ಇದನ್ನು ಗಂಗಾಂಬಿಕಾಳೇ ನನಗೆ ಹೇಳಿದ್ದು, ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ, ಕೊಟ್ಟೂರಿನ ಬಸ್ಸಿಗೆ ಕಾಯುತ್ತ. ಆಮೇಲೆ ಆಕೆ ತೆಲಿಗಿಗೆ ಹೋಗಲಿಲ್ಲ.