ಟಿಕರ್ ಅಂದರೆ ಎದೆ

ನಮಗೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅಕ್ಕೋರ ಮೂಗು ಎಷ್ಟು ಉದ್ದವಿತ್ತೆಂದರೆ, ಕನ್ನಡಕ ಎಷ್ಟೇ ಜಾರಿದರೂ ಕೆಳಗೆ ಬೀಳುತ್ತಿರಲಿಲ್ಲ. ಆ ಮೂಗನ್ನು ಅವರೇ ಹಿಡಿದು ತೋರಿಸಿ, “ಇದಕ್ಕ ಇಂಗ್ಲೆಂಡಿನ ಬೀದ್ಯಾಗ ‘ಕಾಂಕ್’ ಅಂತಾರ. ಶಂಖಕ್ಕ ಇಂಗ್ಲಿಷ್‌ನ್ಯಾಗ ‘ಕಾಂಚ್’ ಅಂತಾರ, ಅದರ ಮ್ಯಾಲಿಂದ ಬಂದೈತಿ ಅಂತ ಕೆಲವರು ಹೇಳ್ತಾರ. ಊದಿದ್ರ ಸಪ್ಪಳ ಬರ್ತೈತಲ್ಲ, ಅದಕ್ಕಿರಬೇಕು,” ಎಂದು ಕರವಸ್ತ್ರದೊಳಗೆ ಜೋರಾಗಿ ಊದಿಯೂ ತೋರಿಸಿದ್ದರು.

ನಾನು ಹೈಸ್ಕೂಲು ಓದಿದ್ದು ದಾಂಡೇಲಿಯ ಅಂಬೇವಾಡಿಯಲ್ಲಿ. ಪಾಠದ ಪುಸ್ತಕ ಅರ್ಧಕ್ಕೆ ಬರುವಷ್ಟರಲ್ಲೇ ಅಕ್ಕೋರಿಗೆ ಬೇಸರ ಬಂದುಬಿಡುತ್ತಿತ್ತು. ಅದನ್ನು ಮಡಚಿಟ್ಟು, ಇಂಗ್ಲಿಷರು ಮೈಯ ಅಂಗಗಳಿಗೆ ಇಟ್ಟ ಅಡ್ಡಹೆಸರುಗಳ ಹಿಂದೆ ಬೀಳುತ್ತಿದ್ದರು. ಮುಖಕ್ಕೆ ‘ಮಗ್’ ಅನ್ನುತ್ತಾರಂತೆ. ಒಂದು ಕಾಲಕ್ಕೆ ಅಲ್ಲಿ ಕುಡಿಯುವ ಮಗ್ಗುಗಳ ಮೇಲೆ ಮನುಷ್ಯರ ಮುಖ ಮೂಡಿಸುತ್ತಿದ್ದರಂತೆ, ಹೆಸರು ಅಲ್ಲಿಂದ ಬಂದಿರಬೇಕಂತೆ. ನಮಗೋ ಮಗ್ ಅಂದರೆ ಬಚ್ಚಲಿನದು. “ಮಗ್ ತೊಳಕೊಂಡು ಬರ್ರಿ” ಎಂದರೆ ಇಡೀ ವರ್ಗ ಬಿದ್ದು ಬಿದ್ದು ನಗುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ನಗು ಎದ್ದದ್ದು ‘ಟಿಕರ್’ ಬಂದ ದಿನ. “ಮೊದಲು ಗಡಿಯಾರಕ್ಕ ಟಿಕರ್ ಅಂತಿದ್ರು, ಟಿಕ್ ಟಿಕ್ ಅಂತೈತಲ್ಲ. ಎದೀನೂ ಹಂಗ ಬಡಕೋತೈತಿ ಅಂತ ಆಮ್ಯಾಲ ಅದಕ್ಕೂ ಅದ ಹೆಸರು ಹಚ್ಚಿದ್ರು,” ಎಂದರು. ನಮ್ಮ ಕಡೆ ‘ತಿಕ’ ಅಂದರೆ ಕುಂಡೆ. ಟಿಕರು ತಿಕ ಆಗಲು ಎಷ್ಟು ಹೊತ್ತು ಬೇಕು? ಹಿಂದಿನ ಬೆಂಚಿನಿಂದ ಯಾರೋ, “ಅಕ್ಕೋರ, ನನ್ನ ತಿಕ ಬಡಕೊಳ್ಳಾಕತ್ತೈತ್ರಿ!” ಎಂದುಬಿಟ್ಟ. ಅಕ್ಕೋರು ಬೈಯುತ್ತಾರೆಂದು ನಾವು ಕಾದರೆ, ಅವರೇ ಮೇಜು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ನಗ್ರಿ, ನಗ್ರಿ. ನಕ್ಕು ಕಲ್ತ ಶಬ್ದ ಮರ್ಯಂಗಿಲ್ಲ,” ಎಂದರು.

ಆ ಗದ್ದಲ ಹೆಡ್‌ಮಾಸ್ತರರಿಗೆ ಕೇಳಿಸಿತು. ಬಾಗಿಲಲ್ಲಿ ನಿಂತು, ನಮ್ಮೆದುರಿಗೇ, “ಇದರಿಂದ ಹುಡುಗರಿಗೆ ಏನು ಉಪಯೋಗರೀ?” ಎಂದು ಕೇಳಿದರು. ಅಕ್ಕೋರು ತಲೆ ತಗ್ಗಿಸಿದರು. ಅವತ್ತಿನಿಂದ ಪುಸ್ತಕ ಬಿಟ್ಟು ಒಂದು ಮಾತೂ ಆಚೆ ಹೋಗಲಿಲ್ಲ. ಆಗ ನನಗೆ ಹೆಡ್‌ಮಾಸ್ತರರ ಮೇಲೆ ಬಂದ ಸಿಟ್ಟು ಬಹಳ ವರ್ಷ ಇಳಿಯಲಿಲ್ಲ.

ಈಗ ನಾನು ಜೋಯಿಡಾ ರಸ್ತೆಯ ಒಂದು ಹೋಮ್‌ಸ್ಟೇಯಲ್ಲಿ ಅಡುಗೆ ನೋಡಿಕೊಳ್ಳುತ್ತೇನೆ. ಒಂದು ಮುಂಜಾನೆ ಸಫಾರಿ ಮುಗಿಸಿ ಜೀಪು ಬಂತು. ಇಂಗ್ಲೆಂಡಿನ ವಯಸ್ಸಾದ ಅತಿಥಿಯೊಬ್ಬರು ಇಳಿದವರೇ ಕಟ್ಟೆಯ ಮೇಲೆ ಕುಸಿದು ಕೂತರು. ಮೈಯೆಲ್ಲ ಬೆವರು. ಏನಾಯಿತೆಂದು ಕೇಳಿದರೆ, “ಟಿಕರ್... ಮೈ ಟಿಕರ್” ಎನ್ನುತ್ತಿದ್ದರು.

ಜೀಪು ಓಡಿಸುವ ಬಸಣ್ಣ ಹಣೆ ಬಡಿದುಕೊಂಡ. “ತಿಕ ನೋಯಾಕತ್ತೈತಂತ್ರೀ ಅಕ್ಕಾ! ಈ ರಸ್ತ್ಯಾಗ ಜೀಪು ಕುಣದ್ರ ಮತ್ತೇನಾಕ್ಕೈತಿ? ಒಂದು ದಿಂಬು ಕೊಡ್ರಿ, ಮಕ್ಕೊಳ್ಳಲಿ.”

ನನಗೂ ನಗು ಬಂತು. ಅಷ್ಟರಲ್ಲಿ ಮೇಜು ಹಿಡಿದು ನಗುತ್ತಿದ್ದ ಅಕ್ಕೋರು ನೆನಪಾದರು. ನನ್ನ ಎದೆ ಮುಟ್ಟಿ ತೋರಿಸಿ, “ಹಾರ್ಟ್?” ಎಂದೆ. ಅವರು ಕಣ್ಣು ಮುಚ್ಚಿ ಹೌದೆಂದು ತಲೆ ಆಡಿಸಿದರು.

“ದಿಂಬೂ ಬ್ಯಾಡ, ಗಿಂಬೂ ಬ್ಯಾಡ! ಎದೀನೋ ಬಸಣ್ಣಾ, ಎದಿ! ಗಾಡಿ ತಿರುಗ್ಸು!”

ದಾಂಡೇಲಿಯ ಆಸ್ಪತ್ರೆ ಮುಟ್ಟುವವರೆಗೆ ನಾನು ಹರಕೆ ಹೊರದ ದೇವರಿಲ್ಲ. ಅಲ್ಲಿ ಔಷಧಿ ಕೊಟ್ಟು, ಅಂಬುಲೆನ್ಸಿನಲ್ಲಿ ಧಾರವಾಡಕ್ಕೆ ಕಳಿಸಿದರು. ಸಂಜೆ ಫೋನು ಬಂತು, ಜೀವಕ್ಕೆ ಅಪಾಯವಿಲ್ಲ ಎಂದು. ಅಬ್ಬಾ! ಅಡುಗೆಮನೆಯ ನೆಲದ ಮೇಲೆ ಕೂತು ಮನಸಾರೆ ಅತ್ತೆ. ಬಸಣ್ಣ ಮಾತ್ರ, “ಎದಿಗೆ ತಿಕ ಅಂತಾರಂದ್ರ ಎಂಥಾ ಮಂದೀರೀ ಇವರು!” ಎಂದು ಗೊಣಗುತ್ತಲೇ ಇದ್ದ.

ಆ ರವಿವಾರ ಅಕ್ಕೋರ ಮನೆಗೆ ಹೋದೆ. ನಿವೃತ್ತರಾಗಿ ಬಹಳ ದಿನವಾಗಿತ್ತು. ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಬದುಕ್ಯಾನಲ್ಲ?”

“ಬದುಕ್ಯಾರ್ರೀ ಅಕ್ಕೋರ.”

“ಖರೇನ?”

“ಖರೇರಿ. ಎದ್ದು ಕೂತು ಚಹಾ ಕುಡಿಯಾಕತ್ತಾರಂತ.”

“ಏನು ಉಪಯೋಗ ಅಂತ ಹೆಡ್‌ಮಾಸ್ತರ್ರು ಕೇಳಿದ್ರಲ್ಲವಾ ಅವತ್ತ. ಹುಡುಗರ ಹೊತ್ತು ಹಾಳು ಮಾಡಿದೆನೇನೋ ಅಂತ ಒಳಗ ಕೊರೀತಿತ್ತು. ಇವತ್ತ ಹಗುರಾತು ನೋಡು,” ಎಂದರು. ಹೇಳುತ್ತ ಹೇಳುತ್ತಲೇ ಬಸಣ್ಣನ ದಿಂಬು ನೆನಪಾಗಿ, ಆ ಉದ್ದ ಮೂಗು ಕೆಂಪಾಗುವಷ್ಟು ನಕ್ಕರು.

ಹೋದ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರು. ಹೇಳಿ ಬಂದಿದ್ದೆನಲ್ಲ, ನನಗೆ ಅದೊಂದು ದೊಡ್ಡ ಸಮಾಧಾನ. ಬಸಣ್ಣ ಅವರ ಮುಖ ಕಂಡವನೇ ಅಲ್ಲ. ಆದರೂ ಹೊಸ ಡ್ರೈವರು ಯಾರೇ ಬರಲಿ, ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಹೇಳುತ್ತಾನೆ: “ಬಿಳಿ ಮಂದಿ ತಿಕ ಅಂದ್ರ ನಗಬ್ಯಾಡ್ರಿ. ಸೀದಾ ದವಾಖಾನಿಗೆ ಗಾಡಿ ಓಡಸ್ರಿ.”