ನಾಲ್ಕಕ್ಕೇ ಮುಳುಗಿದ ಹೊತ್ತು

ಐವತ್ತರ ದಶಕದ ಮಾತು. ಹೊಸನಗರದ ನಮ್ಮ ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಊಟ ಮಾಡುತ್ತಿರಲಿಲ್ಲ. ಓದಲು ನಾನು ಎಡಿನ್‌ಬರೋಗೆ ಹೊರಟಾಗ ಅಮ್ಮ ಅವಲಕ್ಕಿ ಕಟ್ಟಿಕೊಟ್ಟು, ಅಲ್ಲಿಯೂ ಈ ನೇಮ ಬಿಡಬಾರದೆಂದು ಮಾತು ತೆಗೆದುಕೊಂಡಿದ್ದಳು.

ಹಡಗಿಳಿದ ಮೇಲೆ ಲಂಡನ್ನಿನಿಂದ ಎಡಿನ್‌ಬರೋಗೆ ಇಡೀ ದಿನದ ರೈಲು. ಡಿಸೆಂಬರ್ ತಿಂಗಳು. ಉಳಿದಿದ್ದ ಅವಲಕ್ಕಿಯನ್ನು ಸಂಜೆ ಐದಕ್ಕೆ ತಿಂದರಾಯಿತು ಎಂದು ಗಂಟು ಬಿಚ್ಚದೆ ಕಿಟಕಿಯಾಚೆ ನೋಡುತ್ತಾ ಕೂತೆ. ನಾಲ್ಕು ಹೊಡೆಯುವ ಮೊದಲೇ ಆ ದೇಶದ ಸೂರ್ಯ ಮುಳುಗಿಯೇ ಹೋದ! ಇಂಥ ಮೋಸ ನಮ್ಮ ಕಡೆಯ ಮಳೆಗಾಲದಲ್ಲೂ ಕಂಡಿರಲಿಲ್ಲ.

ಎದುರಿಗೆ ಕೂತಿದ್ದ ಮುದುಕಿ ಆಗಲೇ ತನ್ನ ಬುಟ್ಟಿ ತೆರೆದು, ನನ್ನತ್ತ ಒಂದು ಚೂರು ಬ್ರೆಡ್ಡು ಚಾಚಿದಳು. ತೊದಲು ಇಂಗ್ಲಿಷಿನಲ್ಲಿ ನಮ್ಮ ನೇಮ ವಿವರಿಸಿದೆ.

“ಹಾಗಾದ್ರೆ ನಾಳೆ ಬೆಳಗಾಗೋವರೆಗೂ ಉಪವಾಸವಾ?” ಎಂದಳು.

“ಹೌದು.”

ಅವಳು ಬ್ರೆಡ್ಡನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿ ಮುಚ್ಚಿದಳು. “ಹಸಿದವರ ಎದುರು ಕೂತು ತಿನ್ನೋದು ನಮ್ಮ ಮನೇಲೂ ಇಲ್ಲ” ಅಂದಳು. ಎಡಿನ್‌ಬರೋ ಬರುವವರೆಗೂ ಆ ಬುಟ್ಟಿ ತೆರೆಯಲಿಲ್ಲ.

ಮೂರು ವರ್ಷದ ಮೇಲೆ ಊರಿಗೆ ಬಂದವನು, ದಾರಿಯ ಒಂದೊಂದು ಸ್ಟೇಷನ್ನಿನ ಹೆಸರನ್ನೂ ಹೇಳುತ್ತಾ, ಕೊಟ್ಟ ಮಾತು ಉಳಿಸಿಕೊಂಡೆನೆಂದು ಬೀಗುತ್ತಾ, ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಎಲ್ಲ ಕೇಳಿಸಿಕೊಂಡ ಅಮ್ಮ ಕೇಳಿದ್ದು ಒಂದೇ:

“ಆ ತಾಯಿ ಹೆಸರೇನೋ?”

ನಾನು ಕೇಳಿರಲಿಲ್ಲ.

“ಸ್ಟೇಷನ್ನಿನ ಹೆಸರೆಲ್ಲ ತಿಳ್ಕೊಂಡು ಬಂದ್ಯಲ್ಲೋ ಮಾರಾಯ” ಎಂದಳು.